ಬೆನ್ನಿನ ಬಾಗಿಲು ಎಷ್ಟು ಅಗಲ?

ರಾಯಚೂರು ಸೀಮೆಯಲ್ಲಿ ಸೊಂಟಕ್ಕೆ ಟೊಂಕ ಎನ್ನುತ್ತಾರೆ, ನಡ ಎಂದೂ ಎನ್ನುತ್ತಾರೆ. ಟೊಂಕ ಹಿಡಿದವರ ಮನೆಗಳಲ್ಲಿ ಈಚೆಗೆ ಕೇಳಿಬರುವ ಮಾತೊಂದಿದೆ: ಈಗ ಬೆನ್ನು ಕೊಯ್ಯುವುದಿಲ್ಲವಂತೆ, ಸಣ್ಣ ತೂತು ಹಾಕಿ ಡಿಸ್ಕ್ ಕೂಡಿಸುತ್ತಾರಂತೆ. ಈ ಒಂದು ಮಾತಿನಲ್ಲಿ ಎರಡು ಬೇರೆ ಸಂಗತಿಗಳು ಕಲೆತುಹೋಗಿವೆ. ತೂತಿನ ಅಳತೆ ಒಂದು, ಆ ತೂತಿನಿಂದ ಒಳಗೆ ಹೋಗುವ ಸಾಮಾನು ಇನ್ನೊಂದು. ಬಾಗಿಲನ್ನು ಎಷ್ಟು ಕಿರಿದು ಮಾಡಬಹುದು ಎಂದು ವೈದ್ಯಲೋಕ ಸುಮಾರು ಐವತ್ತು ವರ್ಷಗಳಿಂದ ವಾದಿಸುತ್ತಿದೆ, ಮತ್ತು ಆ ವಾದದಲ್ಲಿ ಒಂದಿಷ್ಟು ನೆಲೆ ಕಂಡಿದೆ. ಸಾಮಾನು ಯಾರಿಗೆ ಬೇಕು, ಯಾತಕ್ಕೆ ಬೇಕು ಎಂಬ ವಾದ ಅದಕ್ಕಿಂತ ಹಳೆಯದು, ಇನ್ನೂ ಬಗೆಹರಿಯದ್ದು. ಮೊದಲನೆಯದರ ಗೆಲುವನ್ನು ಎರಡನೆಯದರ ಖಾತೆಗೆ ಬರೆದುಕೊಳ್ಳುವ ರೂಢಿ ಎಲ್ಲ ಕಡೆಯೂ ಇದೆ. ಆದರೆ ಸ್ಕ್ಯಾನ್ ಮಾಡಿಸುವುದರಿಂದ ಹಿಡಿದು ಹೊಲಿಗೆ ಬಿಚ್ಚಿಸುವವರೆಗೆ ಪ್ರತಿಯೊಂದಕ್ಕೂ ಬಸ್ಸು ಹತ್ತಿ, ಕೂಲಿ ಬಿಟ್ಟು ಬರಬೇಕಾದ ದೇವದುರ್ಗ, ಮಾನ್ವಿಯವರಿಗೆ ಈ ಗೊಂದಲ ಬೇರೆಯವರಿಗಿಂತ ತುಟ್ಟಿಯಾಗುತ್ತದೆ.

ಪಪ್ಪಾಯಿ ಹಾಲು, ಉಕ್ಕಿನ ಗುಂಡು, ಕುದುರೆಯ ಕುತ್ತಿಗೆ

ಎರಡು ಬೆನ್ನುಮೂಳೆಗಳ ನಡುವಿನ ಡಿಸ್ಕ್ ಎಂದರೆ ಹಗ್ಗ ಸುತ್ತಿದಂತೆ ಪದರಪದರವಾದ ನಾರಿನ ಉಂಗುರ, ಅದರೊಳಗೆ ತಾಟಿನಿಂಗಿನ ತಿರುಳಿನಂಥ ಮೆದು ವಸ್ತು. ವಯಸ್ಸಾದಂತೆ ತಿರುಳಿನ ನೀರು ಆರುತ್ತದೆ, ಉಂಗುರ ಬಿರಿಯುತ್ತದೆ. ಕೆಲವರಲ್ಲಿ ತಿರುಳು ಬಿರುಕಿನಿಂದ ಹೊರಗೆ ಬಂದು ಕಾಲಿಗಿಳಿಯುವ ನರವನ್ನು ಒತ್ತುತ್ತದೆ. ‘ಡಿಸ್ಕ್ ಸರಿದಿದೆ’ ಎಂದು ನಾವೆಲ್ಲ ಅನ್ನುತ್ತೇವಾದರೂ ಡಿಸ್ಕ್ ತನ್ನ ಜಾಗ ಬಿಟ್ಟು ಸರಿಯುವುದಿಲ್ಲ. ಒಳಗಿನದು ಹೊರಬರುತ್ತದೆ, ಅಷ್ಟೇ. ಸರಿದದ್ದನ್ನು ತಳ್ಳಿ ಕೂಡಿಸಬಹುದು ಎಂಬ ನಂಬಿಕೆ ಹುಟ್ಟುವುದು ಈ ತಪ್ಪು ಮಾತಿನಿಂದಲೇ. ತಿರುಳಿಗೂ ಕಾಲುನೋವಿಗೂ ಇರುವ ಈ ನಂಟನ್ನು ಖಚಿತವಾಗಿ ತೋರಿಸಿದವರು ಅಮೆರಿಕದ ಬಾಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್. ಅಲ್ಲಿಯವರೆಗೆ ಗಡ್ಡೆ ಎಂದುಕೊಂಡಿದ್ದದ್ದು ಡಿಸ್ಕಿನದೇ ಚೂರು ಎಂದು 1934ರಲ್ಲಿ ಅವರು ಪ್ರಕಟಿಸಿದ ಮೇಲೆ, ಬೆನ್ನು ಬಿಡಿಸಿ ಚೂರನ್ನು ತೆಗೆಯುವುದು ಪ್ರಪಂಚದಾದ್ಯಂತ ರೂಢಿಗೆ ಬಂತು.

ಕೊಯ್ಯದೆ ತೆಗೆಯುವ ಮೊದಲ ದೊಡ್ಡ ಪ್ರಯತ್ನ ನಡೆದದ್ದು ಪಪ್ಪಾಯಿಯಿಂದ. ಕಾಯಿಯ ಹಾಲಿನಲ್ಲಿರುವ ಕೈಮೊಪಪೇನ್ ಎಂಬ ಕಿಣ್ವವನ್ನು ಸೂಜಿಯಲ್ಲಿ ಡಿಸ್ಕಿಗೆ ಚುಚ್ಚಿ ತಿರುಳನ್ನು ಕರಗಿಸುವುದನ್ನು 1960ರ ದಶಕದಲ್ಲಿ ಲೈಮನ್ ಸ್ಮಿತ್ ಆರಂಭಿಸಿದರು. 1982ರಲ್ಲಿ ಅಮೆರಿಕದ ಒಪ್ಪಿಗೆಯೂ ಸಿಕ್ಕಿತು. ಕೆಲವರಲ್ಲಿ ಪ್ರಾಣಕ್ಕೇ ಎರವಾಗುವ ಅಲರ್ಜಿ, ಇನ್ನು ಕೆಲವರಲ್ಲಿ ನರಹಾನಿ ಕಂಡು, 2003ರ ಹೊತ್ತಿಗೆ ಅಲ್ಲಿನ ಮಾರುಕಟ್ಟೆಯಿಂದ ಅದು ಮರೆಯಾಯಿತು. (ಪಪ್ಪಾಯಿ ತಿಂದರೆ ಡಿಸ್ಕ್ ಕರಗುತ್ತದೆ ಎಂದು ಯಾರೂ ಹಣ್ಣಿನ ಅಂಗಡಿಗೆ ಹೊರಡಬೇಕಿಲ್ಲ, ಹೊಟ್ಟೆ ಸೇರಿದ ಕಿಣ್ವಕ್ಕೆ ಬೆನ್ನಿನ ದಾರಿ ತಿಳಿಯದು.) 1975ರಲ್ಲಿ ಜಪಾನಿನ ಹಿಜಿಕಾಟ ಚರ್ಮದ ಮೂಲಕವೇ ಕೊಳವೆ ಇಳಿಸಿ ತಿರುಳು ತೆಗೆಯುವ ದಾರಿ ತೋರಿದರು. ಪರ್ವೀಜ್ ಕ್ಯಾಂಬಿನ್ ಪಕ್ಕದಿಂದ ಹೋದರೆ ನರಕ್ಕೆ ತಾಗದ ತ್ರಿಕೋನಾಕಾರದ ಜಾಗವನ್ನು ಗುರುತಿಸಿದರು, ಅದಕ್ಕೆ ಇಂದಿಗೂ ಅವರದೇ ಹೆಸರು. 1977ರಲ್ಲಿ ಯಾಸರ್ಗಿಲ್ ಮತ್ತು ಕಾಸ್ಪರ್ ಸೂಕ್ಷ್ಮದರ್ಶಕವನ್ನು ಬೆನ್ನಿನ ಶಸ್ತ್ರಚಿಕಿತ್ಸೆಗೆ ತಂದರು. 1997ರಲ್ಲಿ ಫೋಲಿ ಮತ್ತು ಇನ್ನೊಬ್ಬ ಸ್ಮಿತ್ ಸ್ನಾಯುವನ್ನು ಕತ್ತರಿಸದೆ, ಒಂದರ ಮೇಲೊಂದು ದಪ್ಪ ಕೊಳವೆ ತೂರಿಸಿ ಸ್ನಾಯುವಿನ ಎಳೆಗಳನ್ನು ಮೆಲ್ಲಗೆ ಅಗಲಿಸುವ ವಿಧಾನ ಕೊಟ್ಟರು. ಇಂದು ‘ಸಣ್ಣ ತೂತು’ ಎಂದು ಜನ ಕರೆಯುವುದರಲ್ಲಿ ಬಹುಪಾಲು ಚರ್ಮದ ಮೂಲಕ ಪಕ್ಕದಿಂದ ಹೋಗುವ ಮತ್ತು ಸ್ನಾಯು ಅಗಲಿಸುವ ಈ ಎರಡು ಕವಲುಗಳ ಸಂತಾನ.

ಒಳಗೆ ಇಡುವ ಸಾಮಾನಿನ ಕಥೆ ಇದರ ಜೊತೆಗೇ, ಆದರೆ ಬೇರೆ ದಾರಿಯಲ್ಲಿ ಸಾಗಿತು. ಸ್ವೀಡನ್ನಿನ ಫರ್ನ್‌ಸ್ಟ್ರಾಮ್ ಡಿಸ್ಕ್ ತೆಗೆದ ಜಾಗದಲ್ಲಿ ಉಕ್ಕಿನ ಗುಂಡು ಇಟ್ಟು ನೋಡಿದರು. ಗುಂಡುಗಳು ಕಾಲಕ್ರಮೇಣ ಮೇಲಿನ ಮತ್ತು ಕೆಳಗಿನ ಮೂಳೆಯೊಳಗೇ ಹೂತುಹೋದವು. 1984ರಲ್ಲಿ ಪೂರ್ವ ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯಲ್ಲಿ ಲೋಹದ ಎರಡು ಬಿಲ್ಲೆಗಳ ನಡುವೆ ಪ್ಲಾಸ್ಟಿಕ್ ತಿರುಳಿರುವ ಕೃತಕ ಡಿಸ್ಕ್ ಮೊದಲ ಬಾರಿ ರೋಗಿಯ ಬೆನ್ನು ಸೇರಿತು. ಅದನ್ನು ರೂಪಿಸಿದ ಇಬ್ಬರಲ್ಲಿ ಒಬ್ಬರಾದ ಕರಿನ್ ಬ್ಯೂಟ್ನರ್-ಯಾನ್ಸ್ 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಜಿಮ್ನಾಸ್ಟಿಕ್ಸ್ ಚಿನ್ನ ಗೆದ್ದವರು. ಬೆನ್ನು ಬಾಗುವುದರ ಬೆಲೆಯನ್ನು ಅವರಷ್ಟು ಬಲ್ಲವರು ಕಡಿಮೆ. ಇನ್ನೊಂದು ಕವಲು ಎರಡು ಮೂಳೆಗಳನ್ನು ಬೆಸೆಯುವುದು. ಕುತ್ತಿಗೆಯ ನರ ಒತ್ತಿ ತಡವರಿಸುವ ಕುದುರೆಗಳಿಗೆಂದು ಜಾರ್ಜ್ ಬ್ಯಾಗ್ಬಿ ಮಾಡಿದ ಉಕ್ಕಿನ ಬುಟ್ಟಿಯೇ ಮುಂದೆ ಮನುಷ್ಯರ ಟೊಂಕದ ‘ಕೇಜ್’ ಆಗಿ ಬೆಳೆದು, 1996ರಲ್ಲಿ ಅಮೆರಿಕದ ಒಪ್ಪಿಗೆ ಪಡೆಯಿತು.

ಬಾಗಿಲಿನ ಲೆಕ್ಕ

ಬಾಗಿಲು ಕಿರಿದಾದರೆ ಲಾಭವಿದೆಯೇ ಎಂಬ ಪ್ರಶ್ನೆಗೆ ಬಂದ ಉತ್ತರಗಳು ಪ್ರಚಾರಕ್ಕಿಂತ ಸಪ್ಪೆ, ಅದಕ್ಕೇ ನಂಬಲರ್ಹ. ನೆದರ್ಲೆಂಡ್ಸ್‌ನಲ್ಲಿ 328 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಕೊಳವೆ ವಿಧಾನ, ಇನ್ನೊಂದಕ್ಕೆ ಸೂಕ್ಷ್ಮದರ್ಶಕದ ರೂಢಿಯ ಶಸ್ತ್ರಚಿಕಿತ್ಸೆ ಮಾಡಲಾಯಿತು. 2009ರಲ್ಲಿ ಫಲಿತಾಂಶ ಬಂದಾಗ ಕೊಳವೆಯವರು ಬೇಗ ಗುಣವಾಗಿರಲಿಲ್ಲ. ಕಾಲು ಮತ್ತು ಬೆನ್ನಿನ ನೋವಿನ ಅಂಕದಲ್ಲಿ ತುಸು ಹಿಂದೆಯೇ ಇದ್ದರು. 2014ರ ಕಾಕ್ರೇನ್ ವಿಮರ್ಶೆಯೂ 11 ಅಧ್ಯಯನಗಳನ್ನು ಒಟ್ಟುಗೂಡಿಸಿ ಹೆಚ್ಚುಕಡಿಮೆ ಇದನ್ನೇ ಹೇಳಿತು, ಸೋಂಕು ಮಾತ್ರ ಕಡಿಮೆ ಇರಬಹುದು ಎಂದಿತು. ಇಲ್ಲಿಗೆ ವಾದ ಮುಗಿಯಲಿಲ್ಲ. ಅದೇ ನೆದರ್ಲೆಂಡ್ಸ್‌ನ 613 ರೋಗಿಗಳ ಇನ್ನೊಂದು ಪರೀಕ್ಷೆ 2022ರಲ್ಲಿ ಪ್ರಕಟವಾದಾಗ, ಪಕ್ಕದಿಂದ ಹೋಗುವ ಪೂರ್ಣ ಎಂಡೋಸ್ಕೋಪಿ ರೂಢಿಯ ವಿಧಾನಕ್ಕೆ ಯಾವ ರೀತಿಯಲ್ಲೂ ಕಡಿಮೆಯಿಲ್ಲ, ಕಾಲುನೋವಿನಲ್ಲಿ ಕೊಂಚ ಮುಂದೆಯೇ ಇದೆ ಎಂದು ಕಂಡಿತು. ಆದರೆ ಮುಖ್ಯ ಲೆಕ್ಕದಿಂದ ಶಸ್ತ್ರಚಿಕಿತ್ಸಕರ ಕಲಿಕೆಯ ಹಂತದ ಆಪರೇಷನ್‌ಗಳನ್ನು ಹೊರಗಿಡಲಾಗಿತ್ತು. ಜಿಲ್ಲಾ ಕೇಂದ್ರವೊಂದರಲ್ಲಿ ಹೊಸ ಯಂತ್ರ ಬಂದ ಮೊದಲ ವರ್ಷ ಬೆನ್ನು ಒಡ್ಡುವವರಿಗೆ ಆ ಹೊರಗಿಟ್ಟ ಭಾಗವೇ ಹೆಚ್ಚು ಸಂಬಂಧಪಟ್ಟದ್ದು.

ಸಾಮಾನು ಇಡುವಾಗ ಬಾಗಿಲಿಗೆ ತನ್ನದೇ ಮಿತಿಯಿದೆ. ಎಂಡೋಸ್ಕೋಪಿನ ಕೊಳವೆ ಏಳೆಂಟು ಮಿಲಿಮೀಟರ್ ಇರುತ್ತದೆ. ಚೂರು ತೆಗೆಯಲು ಸಾಕು. ಬೆಸೆಯುವ ಕೇಜ್ ಇಡಲು ಎರಡು ಸೆಂಟಿಮೀಟರ್ ದಾಟಿದ ಕೊಳವೆ, ಜೊತೆಗೆ ಸ್ಕ್ರೂಗಳಿಗೆ ಬೇರೆ ತೂತುಗಳು ಬೇಕು. ಹೀಗೆ ಮಾಡಿದಾಗ ರಕ್ತ ಕಡಿಮೆ ಹೋಗುತ್ತದೆ, ಆಸ್ಪತ್ರೆಯಲ್ಲಿ ಮಲಗುವ ದಿನಗಳು ಕಡಿಮೆಯಾಗುತ್ತವೆ. ಒಂದೆರಡು ವರ್ಷದ ನಂತರ ನೋಡಿದರೆ ತೆರೆದ ಶಸ್ತ್ರಚಿಕಿತ್ಸೆಯವರಿಗೂ ಇವರಿಗೂ ದೊಡ್ಡ ಅಂತರ ಉಳಿದಿರುವುದಿಲ್ಲ. ಇನ್ನು ಸೊಂಟದ ಪೂರ್ಣ ಕೃತಕ ಡಿಸ್ಕ್ ಬೆನ್ನಿನ ಕಡೆಯಿಂದ ಹೋಗುವುದೇ ಇಲ್ಲ. ಎರಡು ಮೂಳೆಗಳ ಅಗಲಕ್ಕೆ ಹೊಂದುವ ಬಿಲ್ಲೆಯನ್ನು ನರಗಳ ನಡುವೆ ತೂರಿಸಲಾಗದು. ಹಾಗಾಗಿ ಹೊಟ್ಟೆಯ ಕಡೆಯಿಂದ, ಕರುಳಿನ ಚೀಲವನ್ನು ಬದಿಗೆ ಸರಿಸಿ, ದೇಹದ ಅತಿ ದೊಡ್ಡ ರಕ್ತನಾಳಗಳನ್ನು ಎತ್ತಿಹಿಡಿದು ಇಡಬೇಕು. ಹೊರಗಿನ ಗಾಯ ಕೆಲವೇ ಸೆಂಟಿಮೀಟರ್ ಇರಬಹುದು, ಒಳಗಿನ ದಾರಿ ಕಿರಿದಲ್ಲ. 1990ರ ದಶಕದಲ್ಲಿ ಇದೇ ಮುಂಬದಿಯ ದಾರಿಯಲ್ಲಿ ಲ್ಯಾಪರೋಸ್ಕೋಪಿನಿಂದ ಕೇಜ್ ಇಡುವ ಹುಮ್ಮಸ್ಸು ಬಂದು ಹೋಯಿತು. ಗಂಡಸರಲ್ಲಿ ವೀರ್ಯ ಹೊರಬರುವುದಕ್ಕೆ ತೊಡಕಾಗುವ ಸಮಸ್ಯೆ ಹೆಚ್ಚಿದ್ದು ಅದಕ್ಕೆ ಒಂದು ಕಾರಣ. ಕಿರಿದು ಮಾಡಿದ್ದೆಲ್ಲ ಉಳಿಯುವುದಿಲ್ಲ ಎನ್ನುವುದಕ್ಕೆ ಈ ಕ್ಷೇತ್ರದಲ್ಲೇ ಇಂಥ ಉದಾಹರಣೆಗಳಿವೆ.

ಕಾಯುವವರು, ತೆಗೆಯುವವರು, ಬೆಸೆಯುವವರು, ಬದಲಿಸುವವರು

ಸಾಮಾನಿನ ವಿಷಯದಲ್ಲಿ ನಾಲ್ಕು ಪಂಥಗಳನ್ನು ಗುರುತಿಸಬಹುದು. ಕಾಯುವವರ ಬಲ ಇರುವುದು ದೇಹದ ಸ್ವಭಾವದಲ್ಲೇ. ಹೊರಬಂದ ತಿರುಳನ್ನು ದೇಹ ತಾನೇ ತಿಂದು ಕರಗಿಸುತ್ತದೆ. ಸೋಜಿಗವೆಂದರೆ, ಹೆಚ್ಚು ದೂರ ಹೊರಬಿದ್ದದ್ದು ಹೆಚ್ಚು ಕರಗುತ್ತದೆ. 2015ರ ಒಂದು ವಿಮರ್ಶೆಯಲ್ಲಿ ಪೂರ್ತಿ ಕಳಚಿಬಿದ್ದ ಚೂರುಗಳಲ್ಲಿ ನೂರಕ್ಕೆ 96 ಕುಗ್ಗಿದ್ದವು, ಬರೀ ಉಬ್ಬಿದವುಗಳಲ್ಲಿ 13 ಮಾತ್ರ. ಸ್ಕ್ಯಾನ್ ಚಿತ್ರ ಭಯಂಕರವಾಗಿದ್ದಷ್ಟೂ ಆಪರೇಷನ್ ತುರ್ತು ಎಂಬ ಸಾಮಾನ್ಯ ತಿಳಿವಳಿಕೆಗೆ ಇದು ತಿರುಗೇಟು. ಅದೇ ವರ್ಷದ ಇನ್ನೊಂದು ವಿಮರ್ಶೆ ಯಾವ ನೋವೂ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿತು: ಇಪ್ಪತ್ತರ ವಯಸ್ಸಿನಲ್ಲಿ ನೂರಕ್ಕೆ 37, ಎಂಬತ್ತರಲ್ಲಿ 96 ಮಂದಿಯ ಡಿಸ್ಕ್ ಸವೆದಿತ್ತು. ಅಂದರೆ ಎಂಆರ್‌ಐ ವರದಿಯಲ್ಲಿ ‘ಡಿಸ್ಕ್ ಸವೆದಿದೆ’ ಎಂದಿರುವುದು ತಲೆಗೂದಲು ನರೆತಿದೆ ಎನ್ನುವುದಕ್ಕಿಂತ ಬಹಳ ಹೆಚ್ಚಿನದೇನೂ ಅಲ್ಲ. ರೋಗಿಯ ಕಾಲಿನ ಜೋಮು, ಶಕ್ತಿ, ಸ್ಪರ್ಶದ ಜೊತೆ ಅದು ತಾಳೆಯಾಗಬೇಕು. ಕಾಯಬಾರದ ಸಂದರ್ಭಗಳೂ ಈ ಪಂಥಕ್ಕೆ ಗೊತ್ತು. ಪಾದ ಎತ್ತಲಾಗದಿರುವುದು, ಮೂತ್ರ ಕಟ್ಟುವುದು, ತೊಡೆಸಂದಿಯ ಸ್ಪರ್ಶ ಹೋಗುವುದು ಕಂಡರೆ ಲೆಕ್ಕ ಗಂಟೆಗಳದು, ವಾರಗಳದಲ್ಲ.

ತೆಗೆಯುವವರ ಅತಿ ಗಟ್ಟಿ ಸಾಕ್ಷ್ಯ 2007ರದು. ಆರರಿಂದ ಹನ್ನೆರಡು ವಾರ ತೀವ್ರ ಕಾಲುನೋವು ಅನುಭವಿಸಿದ 283 ಡಚ್ ರೋಗಿಗಳಲ್ಲಿ ಬೇಗ ಆಪರೇಷನ್ ಆದವರು ಸುಮಾರು 4 ವಾರಕ್ಕೆ ಚೇತರಿಸಿಕೊಂಡರೆ, ಕಾದವರಿಗೆ ಸುಮಾರು 12 ವಾರ ಹಿಡಿಯಿತು. ವರ್ಷದ ಕೊನೆಗೆ ಎರಡೂ ಗುಂಪಿನಲ್ಲಿ ನೂರಕ್ಕೆ 95 ಮಂದಿ ಗುಣವಾಗಿದ್ದರು, ಕಾಯುವ ಗುಂಪಿನಲ್ಲಿ ನೂರಕ್ಕೆ 39 ಮಂದಿ ನಡುವೆ ಆಪರೇಷನ್ ಮಾಡಿಸಿಕೊಂಡಿದ್ದರು. ಆಪರೇಷನ್ ಕೊಡುವುದು ಮುಖ್ಯವಾಗಿ ಸಮಯವನ್ನು. ಈ ಮಾತಿಗೆ ಮುಂದೆ ಮತ್ತೆ ಬರಬೇಕಾಗುತ್ತದೆ.

ಬೆಸೆಯುವವರು ಮತ್ತು ಬದಲಿಸುವವರು ಗುರಿಯಿಡುವುದು ಬೇರೆ ನೋವಿಗೆ, ಕಾಲಿಗಿಳಿಯದೆ ಟೊಂಕದಲ್ಲೇ ನಿಲ್ಲುವ ಹಳೆಯ ನೋವಿಗೆ. ಸವೆದ ಡಿಸ್ಕ್ ಅಲುಗಾಡುವುದೇ ನೋವಿನ ಮೂಲ, ಅಲುಗಾಟ ನಿಲ್ಲಿಸಿದರೆ ನೋವು ನಿಲ್ಲುತ್ತದೆ ಎಂಬುದು ಮೊದಲಿನವರ ತರ್ಕ. ಮೂಳೆ ಮುರಿದಾಗ, ಸೋಂಕು ಮೂಳೆ ತಿಂದಾಗ, ಒಂದು ಮೂಳೆ ಇನ್ನೊಂದರ ಮೇಲಿಂದ ನಿಜವಾಗಿಯೂ ಜಾರಿದಾಗ ಈ ತರ್ಕ ಬಹುಮಟ್ಟಿಗೆ ನಿಲ್ಲುತ್ತದೆ. ಬರೀ ಸವೆತಕ್ಕೆ ನಿಲ್ಲುವುದು ಕಷ್ಟ: 2005ರಲ್ಲಿ ಬ್ರಿಟನ್ನಿನ 349 ರೋಗಿಗಳ ಪರೀಕ್ಷೆಯಲ್ಲಿ ಬೆಸೆದವರಿಗೂ, ತೀವ್ರ ವ್ಯಾಯಾಮ ಮತ್ತು ತರಬೇತಿ ಪಡೆದವರಿಗೂ ಅಂತರ ಅತಿ ಸಣ್ಣದಾಗಿತ್ತು. ಬದಲಿಸುವವರು ಹೇಳುವುದು, ಬೆಸೆದರೆ ಭಾರ ಪಕ್ಕದ ಡಿಸ್ಕಿಗೆ ಹೋಗುತ್ತದೆ, ಆದ್ದರಿಂದ ಚಲನೆ ಉಳಿಸಬೇಕು ಎಂದು. ಕುತ್ತಿಗೆಯಲ್ಲಿ ಈ ಪಂಥಕ್ಕೆ ಸಾಕಷ್ಟು ಬೆಂಬಲ ಸಿಕ್ಕಿದೆ. ಸೊಂಟದಲ್ಲಿ, 2004ರಲ್ಲಿ ಶಾರಿಟೆ ಡಿಸ್ಕಿಗೆ ಅಮೆರಿಕ ಒಪ್ಪಿಗೆ ಕೊಟ್ಟಾಗಿನ ಉತ್ಸಾಹ ಹೆಚ್ಚು ದಿನ ಬಾಳಲಿಲ್ಲ. 2007ರಲ್ಲಿ ಅಲ್ಲಿನ ಮೆಡಿಕೇರ್ ವಿಮೆ ಅರವತ್ತು ದಾಟಿದವರ ಸೊಂಟದ ಕೃತಕ ಡಿಸ್ಕಿಗೆ ಹಣ ಕೊಡುವುದಿಲ್ಲ ಎಂದಿತು; 2016ರಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆ ಸೊಂಟನೋವಿಗೆ ಡಿಸ್ಕ್ ಬದಲಿಸಬೇಡಿ, ಸಂಶೋಧನೆಯ ಚೌಕಟ್ಟಿಲ್ಲದೆ ಬೆಸೆಯಲೂ ಬೇಡಿ ಎಂದು ಸೂಚಿಸಿತು. ನಾರ್ವೆಯ 173 ರೋಗಿಗಳ ಪರೀಕ್ಷೆಯಲ್ಲಿ ಕೃತಕ ಡಿಸ್ಕಿನವರು ತರಬೇತಿಯವರಿಗಿಂತ ಮುಂದಿದ್ದರು ನಿಜ, ಆದರೆ ಆ ಅಂತರ ರೋಗಿಗೆ ನಿಜವಾಗಿ ಅನುಭವಕ್ಕೆ ಬರುವಷ್ಟು ದೊಡ್ಡದೇ ಎಂಬುದೇ ಚರ್ಚೆಯಾಯಿತು.

ರಾಯಚೂರಿನ ಟೊಂಕ

ಈ ನಕ್ಷೆಯನ್ನು ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಈ ದೋಆಬಿನ ಮೇಲಿಟ್ಟು ನೋಡಿದರೆ ಕೆಲವು ಗೆರೆಗಳು ಬದಲಾಗುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆಯ ಮಾನ್ವಿ ಭಾಗದಲ್ಲಿ ಭತ್ತದ ನಾಟಿ ಎಂದರೆ ಹೆಂಗಸರು ದಿನವಿಡೀ ಬಗ್ಗಿ ನಿಲ್ಲುವ ಕೆಲಸ. ರಾಯಚೂರಿನ ಅಕ್ಕಿ ಗಿರಣಿ, ಹತ್ತಿ ಮಾರುಕಟ್ಟೆಗಳಲ್ಲಿ ಹಮಾಲರ ಬೆನ್ನಿಗೆ ಬೀಳುವುದು ಭತ್ತದ 75 ಕಿಲೋ ಚೀಲ. ಒಬ್ಬ ಗಂಡಸು ಕೈಯಿಂದ ಎತ್ತಿ ಸಾಗಿಸುವುದಕ್ಕೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಸೂಚಿಸಿದ ಮಿತಿ 55 ಕಿಲೋ. ದೇವದುರ್ಗದ ಹಳ್ಳಿಗಳಿಂದ ಬೆಂಗಳೂರಿಗೆ ಗುಳೆ ಹೋದವರು ಸಿಮೆಂಟು, ಇಟ್ಟಿಗೆ ಹೊರುತ್ತಾರೆ. ಇದರಿಂದಲೇ ಡಿಸ್ಕ್ ಸವೆಯುತ್ತದೆ ಎನ್ನುವುದು ಸಹಜವಾಗಿ ಬರುವ ತೀರ್ಮಾನ, ಆದರೆ ಅವಸರದ್ದು. ಫಿನ್ಲೆಂಡಿನ ಅವಳಿಗಳ ಮೇಲೆ 1990ರ ದಶಕದಿಂದ ನಡೆದ ಅಧ್ಯಯನಗಳು ಡಿಸ್ಕಿನ ಸವೆತದಲ್ಲಿ ದುಡಿಮೆಯ ಪಾಲು ಚಿಕ್ಕದು, ವಂಶದ ಪಾಲು ದೊಡ್ಡದು ಎಂದು ತೋರಿಸಿದವು. ದುಡಿಮೆ ನಿರ್ಣಾಯಕವಾಗುವುದು ಬೇರೆಡೆ: ನೋವು ಬಂದ ಮೇಲೆ ಮತ್ತೆ ಕೆಲಸಕ್ಕೆ ಹೋಗಲಾಗುತ್ತದೆಯೇ ಎಂಬಲ್ಲಿ. ಕಚೇರಿಯ ಕುರ್ಚಿಗೆ ಮರಳುವವರಿಗೆ ಸಾಕಾಗುವ ಚೇತರಿಕೆ ಚೀಲ ಹೊರುವವರಿಗೆ ಸಾಲದು.

ಎಲ್ಲ ಟೊಂಕನೋವೂ ಡಿಸ್ಕಿನದಲ್ಲ ಎಂಬುದು ಈ ಸೀಮೆಯಲ್ಲಿ ಇನ್ನೂ ಹೆಚ್ಚು ನಿಜ. ಜಿಲ್ಲೆಯ ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ದಶಕಗಟ್ಟಲೆ ಅದನ್ನು ಕುಡಿದ ದೇಹದಲ್ಲಿ ಬೆನ್ನಿನ ಕಟ್ಟುಗಳೇ ಮೂಳೆಯಂತೆ ಗಟ್ಟಿಯಾಗಿ, ನರದ ನಾಲೆ ಕಿರಿದಾಗಿ, ನಡ ಬಗ್ಗದಂತಾಗುತ್ತದೆ. ದೇಶದಲ್ಲಿ ಈ ರೋಗವನ್ನು ಮೊದಲು ವಿವರಿಸಿದ್ದು 1937ರಲ್ಲಿ, ನೆಲ್ಲೂರಿನಲ್ಲಿ. ಇಂಥ ಬೆನ್ನಿನೊಳಗೆ ಕೊಳವೆ ಇಳಿಸುವುದು ಕಲ್ಲಿನಲ್ಲಿ ಕಿಂಡಿ ಕೊರೆದಂತೆ, ಮತ್ತು ಡಿಸ್ಕ್ ಬದಲಿಸಿದರೆ ಮೂಲ ಕಾರಣ ಹಾಗೇ ಉಳಿಯುತ್ತದೆ. ಬೆನ್ನಿನ ಕ್ಷಯ ಇನ್ನೊಂದು. ಕುರಿ, ಮೇಕೆಗಳ ಒಡನಾಟದಿಂದ ಬರುವ ಬ್ರುಸೆಲ್ಲಾ ಸೋಂಕೂ ಡಿಸ್ಕಿಗೆ ತಗಲಬಲ್ಲದು, ಅದಕ್ಕೆ ಬೇಕಾದದ್ದು ವಾರಗಟ್ಟಲೆ ಪ್ರತಿಜೀವಕ. ಸಂಜೆಯ ಜ್ವರ, ಇಳಿದ ತೂಕ, ಕುರಿಹಟ್ಟಿಯ ಬದುಕು, ಊರಿನ ನೀರು: ಈ ನಾಲ್ಕನ್ನು ವಿಚಾರಿಸುವುದಕ್ಕೆ ಯಂತ್ರ ಬೇಡ, ಸಮಯ ಬೇಕು.

ರಾಯಚೂರಿಗೆ ಆಸ್ಪತ್ರೆಗಳೇ ಇಲ್ಲವೆಂದಲ್ಲ. 2007ರಲ್ಲಿ ಆರಂಭವಾದ ರಿಮ್ಸ್ ಇದೆ, ನವೋದಯ ವೈದ್ಯಕೀಯ ಕಾಲೇಜು ಇದೆ. ತೈಲ ರಾಷ್ಟ್ರಗಳ ನಿಧಿಯ ನೆರವಿನಿಂದ ಕಟ್ಟಿದ್ದಕ್ಕೆ ಜನ ಇಂದಿಗೂ ಒಪೆಕ್ ಎಂದೇ ಕರೆಯುವ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯಿದೆ. ಈ ಒಪೆಕ್ ಕೆಲವು ವರ್ಷ ಅಪೋಲೊ ನಿರ್ವಹಣೆಯಲ್ಲಿದ್ದು, 2012ರಲ್ಲಿ ಮತ್ತೆ ಸರ್ಕಾರದ ಕೈಗೆ ಬಂತು. 2022ರ ಮೇ ತಿಂಗಳಿಂದ ಏಮ್ಸ್‌ಗಾಗಿ ಊರು ನಡೆಸಿದ ದೀರ್ಘ ಧರಣಿಯ ಹಿಂದೆ, ಕಟ್ಟಡವಿದ್ದರೂ ತಜ್ಞರು ನಿಲ್ಲುವುದಿಲ್ಲ ಎಂಬ ಅಸಮಾಧಾನವೂ ಇತ್ತು. ಹಾಗಾಗಿ ಹೈದರಾಬಾದ್, ಬೆಂಗಳೂರಿನ ದಾರಿ ಹಿಡಿಯುವುದು ಇಲ್ಲಿ ರೂಢಿ. ಸಣ್ಣ ತೂತಿನ ಆಪರೇಷನ್ ಆಸ್ಪತ್ರೆಯ ಎರಡು ದಿನ ಉಳಿಸಬಹುದು. ಆಮೇಲೆ ಜ್ವರ ಬಂದರೆ, ಸ್ಕ್ರೂ ಸಡಿಲವಾದರೆ ನೋಡುವವರು ಇನ್ನೂರು ಕಿಲೋಮೀಟರ್ ಆಚೆಗಿದ್ದರೆ ಆ ಉಳಿತಾಯ ಬಸ್ಸಿನಲ್ಲೇ ಕಳೆಯುತ್ತದೆ. ‘ಕನಿಷ್ಠ’ ಎಂಬ ಮಾತನ್ನು ಹೊಲಿಗೆಯ ಉದ್ದದಿಂದಲ್ಲ, ರೋಗಿಯಿಂದ ಕಿತ್ತುಕೊಂಡ ಒಟ್ಟು ದಿನ, ಹಣ, ಮತ್ತು ಎರಡನೆಯ ಆಪರೇಷನ್ನಿನ ಸಾಧ್ಯತೆಯಿಂದ ಅಳೆಯಬೇಕು ಎನ್ನುವುದು ಇದಕ್ಕಾಗಿ.

ಎದುರಾಗುವ ಮಾತುಗಳು

ಹಾಗಾದರೆ ಹೊಸ ತಂತ್ರ ನಗರದ ಶ್ರೀಮಂತರಿಗೆ, ವ್ಯಾಯಾಮ ಮತ್ತು ಮಾತ್ರೆ ದೇವದುರ್ಗದವರಿಗೆ ಎಂದಾಯಿತಲ್ಲ ಎಂದು ಯಾರಾದರೂ ಕೇಳಬಹುದು. ಆಕ್ಷೇಪ ಹಗುರವಲ್ಲ. ಈ ಸೀಮೆ ಬಹುಕಾಲ ಚಿಕಿತ್ಸೆಯ ಕೊರತೆಯಿಂದ ನರಳಿದೆ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ರಾಯಚೂರೂ ಸೇರಿದ ಗುಲ್ಬರ್ಗ ವಿಭಾಗದಿಂದಲೇ ಶುರುವಾದದ್ದೂ ಅದಕ್ಕೇ. ಆದರೆ ಮೇಲೆ ಹೇಳಿದ ಎಚ್ಚರಿಕೆ ಬ್ರಿಟನ್ ತನ್ನ ಪ್ರಜೆಗಳಿಗೇ ಹಾಕಿಕೊಂಡದ್ದು, ಬಡವರಿಗೆಂದು ಬೇರೆ ಮಾಡಿದ್ದಲ್ಲ. ಇನ್ನೊಂದು ಆಕ್ಷೇಪ ಇನ್ನೂ ಚೂಪಾದದ್ದು: ಕೂಲಿಯವನಿಗೆ 12 ವಾರ ಕಾಯಿ ಎನ್ನುವುದು ಸುಲಭ, ಆ 12 ವಾರ ಅವನ ಮನೆ ನಡೆಯುವುದು ಹೇಗೆ? ಇದನ್ನು ಒಪ್ಪಲೇಬೇಕು. ಡಚ್ ಪರೀಕ್ಷೆಯಲ್ಲಿ ಕಂಡ ಎಂಟು ವಾರದ ಅಂತರ ಸಂಬಳದ ರಜೆ ಇರುವವರಿಗೆ ಅನುಕೂಲ, ಹಮಾಲನಿಗೆ ಸಾಲದ ಲೆಕ್ಕ. ಆದ್ದರಿಂದ ಆರು ವಾರ ದಾಟಿದ, ಸ್ಕ್ಯಾನಿಗೂ ಲಕ್ಷಣಕ್ಕೂ ತಾಳೆಯಾಗುವ ಕಾಲುನೋವಿಗೆ ಚೂರು ತೆಗೆಯುವ ಆಪರೇಷನ್ ಇಲ್ಲಿ ಡಚ್ಚರಿಗಿಂತ ಹೆಚ್ಚು ಸಮರ್ಥನೀಯ. ಅದನ್ನು ಕೈ ಪಳಗಿದ ಶಸ್ತ್ರಚಿಕಿತ್ಸಕರು ಸೂಕ್ಷ್ಮದರ್ಶಕದಲ್ಲಿ ಮಾಡಿದರೂ ಸರಿ, ಎಂಡೋಸ್ಕೋಪಿನಲ್ಲಿ ಮಾಡಿದರೂ ಸರಿ. ಈ ರಿಯಾಯಿತಿ ಕೇಜಿಗೂ ಕೃತಕ ಡಿಸ್ಕಿಗೂ ಹಬ್ಬುವುದಿಲ್ಲ, ಏಕೆಂದರೆ ಅವು ಅಂಥ ಬೇಗದ ಲಾಭವನ್ನು ತೋರಿಸಿಲ್ಲ. ಮೂಳೆ ಬೆಸೆದುಕೊಳ್ಳಲು ತಿಂಗಳುಗಳೇ ಬೇಕು, ಬೀಡಿ ಸೇದುವವರಲ್ಲಿ ಇನ್ನೂ ನಿಧಾನ.

ಹಣದ ಮಾತೂ ಇಲ್ಲೇ ಬರುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಡತನ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ರಕ್ಷಣೆಯಿದೆ, ಉಳಿದವರಿಗೆ ಪ್ಯಾಕೇಜ್ ದರದ ಶೇಕಡ 30. 2017ರಲ್ಲಿ ಹೃದಯದ ಸ್ಟೆಂಟಿಗೂ ಮಂಡಿಯ ಕೀಲಿಗೂ ಕೇಂದ್ರ ದರಮಿತಿ ಹಾಕಿತು. ಬೆನ್ನಿನ ಕೇಜು, ಡಿಸ್ಕುಗಳಿಗೆ ಆ ಬಗೆಯ ಮಿತಿ ಬರಲಿಲ್ಲ. ಸಾಮಾನಿನ ಬೆಲೆಯೇ ಬಿಲ್ಲಿನ ದೊಡ್ಡ ಪಾಲಾಗುವ ಚಿಕಿತ್ಸೆಯಲ್ಲಿ ಸಾಮಾನು ಇಡುವ ಕಡೆಗೆ ವಾಲುವ ಒತ್ತಡ ಇರುತ್ತದೆ, ವೈದ್ಯರೆಲ್ಲ ಸತ್ಯವಂತರೇ ಆಗಿದ್ದರೂ.

ಇನ್ನೂ ತೀರದ ಪ್ರಶ್ನೆಗಳು

ಟೊಂಕದಲ್ಲೇ ನಿಲ್ಲುವ ನೋವಿಗೆ ಡಿಸ್ಕೇ ಕಾರಣವೆಂದು ಒಬ್ಬ ನಿರ್ದಿಷ್ಟ ರೋಗಿಯಲ್ಲಿ ಖಚಿತವಾಗಿ ತೋರಿಸುವ ಪರೀಕ್ಷೆ ಇನ್ನೂ ಇಲ್ಲ. ಅದಿಲ್ಲದೆ ಬೆಸೆಯುವವರ, ಬದಲಿಸುವವರ ಸೋಲುಗೆಲುವು ಆಯ್ಕೆಯ ತಪ್ಪೋ ಸಾಮಾನಿನ ತಪ್ಪೋ ತಿಳಿಯದು. ಬೆಸೆದ ಮೂಳೆಯ ಪಕ್ಕದ ಡಿಸ್ಕ್ ಕೆಡುವುದು ಬೆಸುಗೆಯಿಂದಲೋ, ಹೇಗೂ ಬರಲಿದ್ದ ಸವೆತದಿಂದಲೋ ಎಂಬುದೂ ಹಾಗೇ ಉಳಿದಿದೆ. ಎಂಡೋಸ್ಕೋಪಿನಿಂದಲೇ ಕೇಜ್ ಇಡುವ, ಒಳಗೆ ಹೋಗಿ ಹಿಗ್ಗುವ ಕೇಜ್ ಬಳಸುವ ಈಚಿನ ವಿಧಾನಗಳಿಗೆ ದೀರ್ಘಕಾಲದ ಸಾಕ್ಷ್ಯ ತೆಳುವಾಗಿದೆ. ಹೊರಬಂದ ತಿರುಳು ಮತ್ತೆ ಹೊರಬರದಂತೆ ಉಂಗುರದ ಬಿರುಕಿಗೆ ಮುಚ್ಚಳ ಹಾಕುವ ಸಾಧನಕ್ಕೆ 2019ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಅದು ಯಾರಿಗೆ ನಿಜಕ್ಕೂ ಬೇಕು ಎಂಬ ವಾದ ನಡೆಯುತ್ತಿದೆ.

ಈ ಎಲ್ಲ ಪರೀಕ್ಷೆಗಳೂ ನಡೆದದ್ದು ನೆದರ್ಲೆಂಡ್ಸ್, ಬ್ರಿಟನ್, ನಾರ್ವೆ, ಅಮೆರಿಕದ ಬೆನ್ನುಗಳ ಮೇಲೆ. ಸ್ವೀಡನ್ ತನ್ನ ಬೆನ್ನಿನ ಶಸ್ತ್ರಚಿಕಿತ್ಸೆಗಳ ರಾಷ್ಟ್ರೀಯ ದಾಖಲೆ ಇಟ್ಟು, ರೋಗಿಯನ್ನೇ ವರ್ಷಗಳ ನಂತರ ವಿಚಾರಿಸುತ್ತದೆ. ಬೆಸೆದ ಟೊಂಕದಲ್ಲಿ 75 ಕಿಲೋ ಚೀಲ ಹೊತ್ತರೆ ಹತ್ತು ವರ್ಷದ ಮೇಲೆ ಏನಾಗುತ್ತದೆ, ನಾಟಿಯ ಕೆಸರಿನಲ್ಲಿ ಮತ್ತೆ ಬಗ್ಗಲು ಕೃತಕ ಡಿಸ್ಕ್ ಬಿಡುತ್ತದೆಯೇ, ಫ್ಲೋರೈಡಿನಿಂದ ಬಿಗಿದ ಬೆನ್ನಿನಲ್ಲಿ ಸ್ಕ್ರೂ ಎಷ್ಟು ದಿನ ಹಿಡಿದೀತು ಎಂಬುದನ್ನು ಸ್ಟಾಕ್‌ಹೋಮಿನ ದಾಖಲೆಯಿಂದ ಓದಿಕೊಳ್ಳಲಾಗುವುದಿಲ್ಲ.